ಪಂಪು ಬಿಟ್ಟ 18 ದಿನ

(ಏಪ್ರಿಲ್ 16, ವಿಶ್ವ ಧ್ವನಿ ದಿನದಂದು ಗಂಗಾವತಿಯಲ್ಲಿ ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಅಸ್ತಮಾ ಪಂಪು ಮತ್ತು ದನಿಯ ಬಗ್ಗೆ ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಹೆಂಗಸರು ಮಾತಾಡುವಾಗ ಗಂಟಲೊಳಗಿನ ಧ್ವನಿತಂತುಗಳು ಸೆಕೆಂಡಿಗೆ ಹೆಚ್ಚುಕಡಿಮೆ 200 ಸಲ ಕೂಡಿ ಬಿಡುತ್ತವೆ. ಗಂಡಸರಲ್ಲಿ 100ರಿಂದ 125 ಸಲ. 40 ನಿಮಿಷದ ಒಂದು ಪಿರಿಯಡ್‌ನಲ್ಲಿ ನಿಮ್ಮ ದನಿ ನಿಜವಾಗಿ ಹೊರಡುವುದು 10 ನಿಮಿಷ ಅಂತಿಟ್ಟುಕೊಳ್ಳಿ. ಅಷ್ಟಕ್ಕೇ 1,20,000 ಸಲ ಆಯಿತು. ದಿನಕ್ಕೆ 5 ಪಿರಿಯಡ್ ಅಂದರೆ 6 ಲಕ್ಷ. ಇಷ್ಟು ದುಡಿಯುವ ಆ ತಂತು ಎಷ್ಟು ಉದ್ದ ಇರಬಹುದು? ಹೆಂಗಸರಲ್ಲಿ ಒಂದರಿಂದ ಒಂದೂವರೆ ಸೆಂಟಿಮೀಟರ್. ಒಂದು ಶೇಂಗಾ ಬೀಜದಷ್ಟು.

ಈ ಶೇಂಗಾ ಬೀಜದಷ್ಟರ ಮೇಲೆ ನನ್ನ ಹೊಟ್ಟೆಪಾಡು ನಿಂತಿದೆ. ನಿಮ್ಮದೂ ಅಷ್ಟೇ ಅಲ್ವಾ? ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಪದ್ಯ ಓದಿ ಹೇಳಬೇಕು. ಹಳಗನ್ನಡ ಅಂದರೆ ರಾಗ ಹಾಕಿ ಹೇಳದಿದ್ದರೆ ಮಕ್ಕಳ ಕಿವಿಗೆ ಇಳಿಯುವುದೇ ಇಲ್ಲ. ಅಂಥ ಕೆಲಸದಲ್ಲಿ ನನಗೆ ಎರಡು ವರ್ಷ ದನಿ ಇರಲಿಲ್ಲ. ಪೂರ್ತಿ ಹೋಗಿತ್ತು ಅಂತಲ್ಲ. ಬೆಳಗ್ಗೆ ಮೊದಲ ಪಿರಿಯಡ್‌ಗೆ ಇರುತ್ತಿತ್ತು. ಮೂರನೆಯದಕ್ಕೆ ಒಡೆಯುತ್ತಿತ್ತು. ಮಧ್ಯಾಹ್ನ ಊಟ ಆದ ಮೇಲೆ ಬರೀ ಗಾಳಿ. ಒಂದು ದಿನ ಮುಂದಿನ ಸಾಲಿನ ಹುಡುಗಿ ಕೇಳಿದಳು, ‘ಟೀಚರ್, ನಿಮ್ ದನಿ ಎಲ್ಲಿ ಹೋಗೈತ್ರಿ?’ ಅವಳು ನಿಜವಾಗಿ ಕಳವಳದಿಂದಲೇ ಕೇಳಿದ್ದು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ನನಗೆ ಅಸ್ತಮಾ ಇದೆ. ನಮ್ಮ ಕಡೆ ದಮ್ಮು ಅಂತೀವಿ, ಉಬ್ಬಸ ಅಂತೀವಿ. ಈ ಊರಲ್ಲಿ ಅದಕ್ಕೇನು ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ವರ್ಷಕ್ಕೆ ಎರಡು ಸಲ ಭತ್ತ. ಎರಡು ಸಲ ಕೊಯ್ಲು. ಯಂತ್ರ ಗದ್ದೆಗೆ ಇಳಿದರೆ ದೂಳು ಊರ ಮೇಲೆ ಮೋಡದ ಹಾಗೆ ನಿಲ್ಲುತ್ತದೆ. ಆಮೇಲೆ ಹುಲ್ಲಿಗೆ ಬೆಂಕಿ. ಆಮೇಲೆ ಅಕ್ಕಿ ಗಿರಣಿಗಳ ತೌಡು, ಹೊಟ್ಟು. ಬಯಲಲ್ಲಿ ಎಲ್ಲಿ ನೋಡಿದರೂ ಕಾಂಗ್ರೆಸ್ ಗಿಡ. ನನಗೆ 34ನೇ ವಯಸ್ಸಿನಲ್ಲಿ ಶುರುವಾಯಿತು. ಡಾಕ್ಟರು ಕ್ಯಾಪ್ಸೂಲು ಹಾಕಿ ಎಳೆಯುವ ಇನ್ಹೇಲರ್ ಬರೆದುಕೊಟ್ಟರು. ದಿನಕ್ಕೆ ಎರಡು ಸಲ. ಮೂರು ವಾರಕ್ಕೆ ರಾತ್ರಿ ಕೆಮ್ಮು ನಿಂತಿತು. ಮಹಡಿ ಮೆಟ್ಟಿಲು ಹತ್ತಿದೆ. ಆ ಸಂತೋಷ ಇನ್ನೂ ನೆನಪಿದೆ.

ಮೂರ್ನಾಲ್ಕು ತಿಂಗಳಿಗೆ ದನಿ ಒಡೆಯಿತು.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಪಂಪು ಅಂತ ನಾವು ಎಲ್ಲ ಇನ್ಹೇಲರ್‌ಗಳನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವೆ. ಆದರೆ ಅದರಲ್ಲಿ ಎರಡು ಬಗೆ. ಉಸಿರು ಕಟ್ಟಿದಾಗ ತಕ್ಷಣ ಎಳೆಯುವ ಸಾಲ್ಬುಟಮಾಲ್ ಒಂದು. ಅದರಿಂದ ಸಾಮಾನ್ಯವಾಗಿ ದನಿ ಹೋಗುವುದಿಲ್ಲ. ಇನ್ನೊಂದು ದಿನಾಲೂ ಎಳೆಯುವಂಥದ್ದು. ಅದರಲ್ಲಿ ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್, ಹೀಗೆ ಯಾವುದಾದರೂ ಒಂದು ಸ್ಟಿರಾಯ್ಡ್ ಇರುತ್ತದೆ. ಶ್ವಾಸನಾಳದ ಊತ ಇಳಿಸುವುದು, ಜೀವ ಕಾಯುವುದು ಇದೇ. ದನಿಗೆ ತೊಂದರೆ ಕೊಡುವುದೂ ಇದೇ.

ಯಾಕೆ ಕೊಡುತ್ತದೆ? ನಾವು ಎಳೆದ ಔಷಧ ಎಲ್ಲವೂ ಎದೆಗೆ ಹೋಗುವುದಿಲ್ಲ. ದೊಡ್ಡ ಪಾಲು ಬಾಯಿ, ಗಂಟಲಲ್ಲೇ ಕೂತುಬಿಡುತ್ತದೆ. ಒಳಗೆ ಹೋಗುವಷ್ಟಕ್ಕೂ ದಾರಿ ಒಂದೇ, ಧ್ವನಿತಂತುಗಳ ನಡುವಿನ ಸಂದಿ. ಹೋಗುತ್ತಾ ಅಲ್ಲೂ ಅಷ್ಟಿಷ್ಟು ಅಂಟಿಕೊಳ್ಳುತ್ತದೆ. ದಿನಾಲೂ ಹೀಗಾದಾಗ ಕೆಲವರಿಗೆ ಅಲ್ಲಿನ ಚರ್ಮ ಕೆರಳಿ ಒಣಗುತ್ತದೆ. ಕೆಲವರಿಗೆ ತಂತುಗಳನ್ನು ಕೂಡಿಸುವ ಸಣ್ಣ ಸ್ನಾಯು ಸಡಿಲ ಬೀಳುತ್ತದೆ. ಇನ್ನು ಕೆಲವರಿಗೆ ಕ್ಯಾಂಡಿಡಾ ಅನ್ನುವ ಫಂಗಸ್ ಬೆಳೆಯುತ್ತದೆ. ನಾಲಿಗೆ, ಅಂಗುಳಿನ ಮೇಲೆ ಮೊಸರಿನ ಕೆನೆ ಅಂಟಿದ ಹಾಗೆ ಬಿಳಿ ಕಾಣುತ್ತದೆ. ಕೆಲವೊಮ್ಮೆ ಅದು ಧ್ವನಿಪೆಟ್ಟಿಗೆವರೆಗೂ ಇಳಿದಿರುತ್ತದೆ.

ನನ್ನ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದ ಕಿವಿ-ಮೂಗು-ಗಂಟಲಿನ ಡಾಕ್ಟರು ನನಗೂ ಪರದೆ ಮೇಲೆ ತೋರಿಸಿದರು. ‘ಈ... ಅನ್ರಿ’ ಅಂದರು. ಅಂದೆ. ಎರಡೂ ತಂತು ಹತ್ತಿರ ಬಂದವು. ಆದರೆ ಕೂಡಲಿಲ್ಲ. ಹಳೇ ಮನೆಯ ಜೋಡಿ ಕದ ಬಾಗಿ, ಮುಚ್ಚಿದರೂ ನಡುವೆ ಸಂದಿ ಬಿಡುತ್ತದಲ್ಲ, ಹಾಗೆ ಇತ್ತು. ಆ ಸಂದಿಯಲ್ಲಿ ಗಾಳಿ ಸೋರಿ ಹೋಗುತ್ತಿತ್ತು. ಅದಕ್ಕೇ ಮಧ್ಯಾಹ್ನಕ್ಕೆ ಬರೀ ಗಾಳಿ. ಎರಡು ವರ್ಷ ನಾನು ಕಾಣದೆ ಒದ್ದಾಡಿದ್ದನ್ನು ಎರಡು ನಿಮಿಷದಲ್ಲಿ ಕಣ್ಣಾರೆ ಕಂಡೆ.

ಆದರೆ ಆ ಕ್ಯಾಮೆರಾವರೆಗೆ ಹೋಗುವ ಮೊದಲು ನಾನು ಒಂದು ತಪ್ಪು ಮಾಡಿದೆ. ಇವತ್ತು ಇಲ್ಲಿ ಬಂದು ನಿಂತಿರುವುದೇ ಅದನ್ನು ಹೇಳಲಿಕ್ಕೆ.

ಮೊದಲು ತೋರಿಸುತ್ತಿದ್ದ ದವಾಖಾನೆಯಲ್ಲಿ ದನಿ ಬಗ್ಗೆ ಹೇಳಿದ್ದೆ. ‘ಅದೆಲ್ಲ ಮಾಮೂಲಿ, ಬಾಯಿ ತೊಳ್ಕೊಳ್ಳಿ’ ಅಂದರು. ಚೀಟಿ ಬರೆದರು, ಮುಂದಿನವರನ್ನು ಕರೆದರು. ಮನೆಯಲ್ಲಿ ಅತ್ತೆ ಹೇಳಿದರು, ‘ಅದನ್ನ ಬಿಟ್ಬಿಡು ಯವ್ವಾ, ಅದರಿಂದನ ನಿನ್ನ ಗಂಟಲು ಹೋಗಾಕತ್ತೈತಿ.’ ಅತ್ತೆಯ ಮಾತಲ್ಲಿ ಸುಳ್ಳಿರಲಿಲ್ಲ. ಅದರಿಂದಲೇ ಹೋಗಿತ್ತು. ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವ. ನಿರೂಪಣೆ ನನ್ನದು, ಮಕ್ಕಳ ನಾಟಕವೂ ನನ್ನದು. ಆ ಒಂದು ಸಂಜೆಗೆ ನನಗೆ ದನಿ ಬೇಕಿತ್ತು. ಯಾರಿಗೂ ಹೇಳದೆ ಪಂಪು ಬಿಟ್ಟೆ.

ಒಂದು ವಾರಕ್ಕೆ ದನಿ ಸ್ವಲ್ಪ ತಿಳಿಯಾಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಬಿಟ್ಟವರೆಲ್ಲ ಇದನ್ನೇ ನೋಡಿ ಮೋಸ ಹೋಗುತ್ತಾರೆ. ದನಿ ಬರುತ್ತದೆ, ಉಸಿರೂ ಸರಿಯಾಗೇ ಇರುತ್ತದೆ. ಯಾಕೆಂದರೆ ಔಷಧ ಬಿಟ್ಟ ಮರುದಿನವೇ ಶ್ವಾಸನಾಳ ಊದಿಕೊಳ್ಳುವುದಿಲ್ಲ. ನಿಧಾನಕ್ಕೆ ಒಳಗೊಳಗೇ ಏರುತ್ತದೆ. ‘ನೋಡು, ಇಷ್ಟು ದಿನ ಸುಮ್ನೆ ಎಳೆದೆ’ ಅನಿಸುತ್ತದೆ.

18ನೇ ದಿನ ಸಂಜೆ ನಮ್ಮ ಓಣಿಯ ಹಿಂದಿನ ಗದ್ದೆಗೆ ಕೊಯ್ಲು ಯಂತ್ರ ಬಂತು. ರಾತ್ರಿ ಎರಡಕ್ಕೆ ಎಚ್ಚರವಾಯಿತು. ಕೂತೆ. ಕಿಟಕಿ ಹಿಡಿದು ನಿಂತೆ. ಸಾಲ್ಬುಟಮಾಲ್ ಎಳೆದೆ, ಮತ್ತೆ ಎಳೆದೆ, ಇಳಿಯಲಿಲ್ಲ. ಮನೆಯವರನ್ನು ಕರೆಯೋಣ ಅಂದರೆ ಅವರ ಹೆಸರು ಪೂರ್ತಿ ಬಾಯಿಗೆ ಬರಲಿಲ್ಲ. ಗೋಡೆ ಬಡಿದೆ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವರು ಏನೇನೋ ಕೇಳುತ್ತಿದ್ದರು. ನನಗೆ ಒಂದು ಸಲಕ್ಕೆ ಒಂದೇ ಶಬ್ದ. ‘ನೀ...ರು’ ಅನ್ನಲಿಕ್ಕೂ ಎರಡು ಉಸಿರು. ಉಬ್ಬಸದವರು ಒಂದು ವಾಕ್ಯ ಮುಗಿಸಲಾಗದೆ ಶಬ್ದ ಶಬ್ದಕ್ಕೆ ನಿಲ್ಲುತ್ತಿದ್ದರೆ ಅದು ಜೀವಕ್ಕೆ ಬಂದಿದೆ ಅಂತ ಅರ್ಥ. ಆ ಹೊತ್ತಲ್ಲಿ ಬೆಳಗಾಗಲಿ ನೋಡೋಣ ಅನ್ನಬೇಡಿ. ದನಿ ಉಳಿಸಿಕೊಳ್ಳಲು ಪಂಪು ಬಿಟ್ಟವಳಿಗೆ ಅವತ್ತು ದನಿ ಇತ್ತು. ಅದನ್ನು ಹೊರಗೆ ತಳ್ಳಲು ಉಸಿರಿರಲಿಲ್ಲ. ವಾರ್ಷಿಕೋತ್ಸವದ ದಿನ ನಾನು ಆಸ್ಪತ್ರೆ ಹಾಸಿಗೆಯ ಮೇಲಿದ್ದೆ. ನಾಟಕ ಮಕ್ಕಳೇ ಮಾಡಿದರು.

ಆಸ್ಪತ್ರೆಯಲ್ಲಿ ಔಷಧವನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಜೊತೆಗೆ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ದಿನಕ್ಕೆ 40 ಮಿಲಿಗ್ರಾಂ, 5 ದಿನ. ಒಟ್ಟು 200 ಮಿಲಿಗ್ರಾಂ. ನಾನು ಎಳೆಯುತ್ತಿದ್ದ ಪಂಪಿನಲ್ಲಿ ದಿನಕ್ಕೆ 400 ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಅಂದರೆ ತೂಕದ ಲೆಕ್ಕದಲ್ಲಿ 500 ದಿನ ಪಂಪಿನಲ್ಲಿ ಹೋಗುವಷ್ಟು 5 ದಿನದಲ್ಲಿ ಹೊಟ್ಟೆಗೆ ಹೋಯಿತು. ಎರಡೂ ಬೇರೆ ಬೇರೆ ಔಷಧ, ಬಲವೂ ಬೇರೆ, ಹಾಗಾಗಿ ನೇರ ಹೋಲಿಕೆ ಸರಿಯಲ್ಲ. ಮಾತ್ರೆ ಕೊಟ್ಟಿದ್ದು ತಪ್ಪು ಅಂತಲೂ ಹೇಳುತ್ತಿಲ್ಲ, ಅದೇ ನನ್ನನ್ನು ಉಳಿಸಿತು. ಆದರೆ ಪಂಪಿನ ಸ್ಟಿರಾಯ್ಡ್‌ಗೆ ಹೆದರಿ ಪಂಪು ಬಿಡುವವರು ಈ ಲೆಕ್ಕವನ್ನು ಒಂದು ಸಲ ಹಾಕಿ ನೋಡಬೇಕು.

ಮೃಗಶಿರ ಮಳೆ ಕೂಡುವ ದಿನ ನಮ್ಮ ಭಾಗದ ಜನ ಮೀನಿನ ಔಷಧಕ್ಕೆ ಅಂತ ಹೈದರಾಬಾದಿಗೆ ಹೋಗುವುದು ನಿಮಗೆ ಗೊತ್ತು. ಹೋಗುವವರನ್ನು ನಾನು ಬೈಯುವುದಿಲ್ಲ. ಉಸಿರು ಕಟ್ಟಿದವರಿಗೆ ಯಾವ ಬಾಗಿಲು ತೆರೆದರೂ ಹೋಗಬೇಕು ಅನಿಸುತ್ತದೆ. ಒಂದೇ ಮಾತು ಕೇಳುತ್ತೇನೆ. ಹೋಗುವಾಗಲೂ ಪಂಪು ಚೀಲದಲ್ಲಿರಲಿ. ಬಂದ ಮೇಲೂ ದಿನದ ಡೋಸು ತಪ್ಪಿಸಬೇಡಿ.

ಈಗ ಪಂಪು ಬಿಡದೆ ದನಿ ಉಳಿಸಿಕೊಳ್ಳುವುದು ಹೇಗೆ ಅನ್ನುವುದಕ್ಕೆ ಬರುತ್ತೇನೆ. ನಾನು ಡಾಕ್ಟರಲ್ಲ. ನನಗೆ ಡಾಕ್ಟರು, ದನಿಗೆ ಸಾಧನೆ ಮಾಡಿಸುವ ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟದ್ದು, ನಾನು ಮಾಡಿ ನೋಡಿದ್ದು ಇಷ್ಟು.

‘ಬಾಯಿ ತೊಳ್ಕೊಳ್ಳಿ’ ಅಂದರಲ್ಲ, ಅದು ಸರಿಯೇ. ಆದರೆ ನಾನು ತೊಳೆಯುತ್ತಿದ್ದದ್ದು ಊಟ ಆದ ಮೇಲೆ ಮುಕ್ಕಳಿಸಿ ಉಗುಳುವ ಹಾಗೆ. ಅಷ್ಟು ಸಾಲದು. ತಲೆ ಹಿಂದಕ್ಕೆ ಮಾಡಿ ಗಂಟಲಲ್ಲಿ ಗಳಗಳ ಅನ್ನಿಸಬೇಕು. ಉಗುಳಬೇಕು, ನುಂಗಬಾರದು. ಎರಡು ಸಲ. ನನ್ನ ಪಂಪು ಈಗ ಬಚ್ಚಲಿನ ಹೊರಗೆ ಹಲ್ಲುಜ್ಜುವ ಬ್ರಷ್ ಪಕ್ಕ ಇರುತ್ತದೆ. ಮೊದಲು ಪಂಪು, ಆಮೇಲೆ ಹಲ್ಲು. ಬೆಳಗ್ಗೆಯೂ ರಾತ್ರಿಯೂ ಹಾಗೇ. ಹಲ್ಲುಜ್ಜಿದ ಮೇಲೆ ಹೇಗೂ ಬಾಯಿ ತೊಳೆಯುತ್ತೇವೆ, ಹಾಗಾಗಿ ಮರೆಯುವ ಮಾತಿಲ್ಲ.

ಆದರೆ ಇಲ್ಲಿ ಒಂದು ನಿಜ ಯಾರೂ ಬಿಡಿಸಿ ಹೇಳುವುದಿಲ್ಲ. ಗಳಗಳ ಅನ್ನಿಸಿದ ನೀರು ಧ್ವನಿತಂತುವರೆಗೆ ಹೋಗುವುದೇ ಇಲ್ಲ. ತಂತುಗಳು ಇರುವುದು ಉಸಿರಿನ ದಾರಿಯ ಬಾಗಿಲಲ್ಲಿ. ಅಲ್ಲಿಗೆ ಒಂದು ಹನಿ ಬಿದ್ದರೂ ನೆತ್ತಿಗೇರಿ ಕೆಮ್ಮಿ ಸಾಯುತ್ತೇವೆ. ಬಾಯಿ ತೊಳೆಯುವುದರಿಂದ ಬಾಯಿಯ ಫಂಗಸ್ ತಪ್ಪುತ್ತದೆ, ಗಂಟಲಲ್ಲಿ ಉಳಿದ ಔಷಧ ಹೊರಗೆ ಹೋಗುತ್ತದೆ. ತಂತುವಿನ ಮೇಲೆ ಕೂತದ್ದು ಹಾಗೇ ಇರುತ್ತದೆ. ‘ನಾನು ಸರಿಯಾಗಿ ತೊಳೆಯುತ್ತಿಲ್ಲವೇನೋ, ನನ್ನದೇ ತಪ್ಪು’ ಅಂತ ನಾನು ಎರಡು ವರ್ಷ ಕೊರಗಿದೆ. ಅಷ್ಟು ಕೊರಗುವ ಅಗತ್ಯ ಇರಲಿಲ್ಲ. ಸರಿಯಾಗಿ ತೊಳೆದವರಿಗೂ ದನಿ ಹೋಗುತ್ತದೆ. ಅಂಥವರು ತೊಳೆಯುವುದರಲ್ಲೇ ನಿಲ್ಲದೆ ಮುಂದಿನ ಮೆಟ್ಟಿಲಿಗೆ ಹೋಗಬೇಕು.

ಮುಂದಿನ ಮೆಟ್ಟಿಲು ಅಂದರೆ ಸಾಧನ. ನನ್ನದು ಪುಡಿ ಎಳೆಯುವ ಸಾಧನ. ಪುಡಿಯನ್ನು ಜೋರಾಗಿ, ಒಂದೇ ಸಲಕ್ಕೆ ಎಳೆಯಬೇಕು, ಇಲ್ಲದಿದ್ದರೆ ಎದೆಗೆ ಹೋಗುವುದಿಲ್ಲ. ಆ ಜೋರಿಗೆ ಪುಡಿ ಗಂಟಲಿಗೂ ಬಡಿಯುತ್ತದೆ. ಡಾಕ್ಟರು ಅದನ್ನು ಬಿಡಿಸಿ, ಒತ್ತಿದರೆ ಚುಸ್ ಅನ್ನುವ ಸ್ಪ್ರೇ ಪಂಪು ಮತ್ತು ಸ್ಪೇಸರ್ ಕೊಟ್ಟರು. ಇಗೋ, ಇದೇ ಸ್ಪೇಸರ್. ಪ್ಲಾಸ್ಟಿಕ್ಕಿನ ಕೊಳವೆ ಅಷ್ಟೇ. ಕೆಲವು ನೂರು ರೂಪಾಯಿ. ಪಂಪು ಈ ತುದಿಗೆ, ಬಾಯಿ ಆ ತುದಿಗೆ. ಔಷಧದ ದಪ್ಪ ಹನಿಗಳು ಈ ಕೊಳವೆಯ ಗೋಡೆಗೆ ಅಂಟಿ ಇಲ್ಲೇ ಉಳಿಯುತ್ತವೆ. ಸಣ್ಣವು ಮೆಲ್ಲಗೆ ಎದೆಗೆ ಹೋಗುತ್ತವೆ. ಗಂಟಲಿಗೆ ಅಂಟಬೇಕಾದದ್ದು ಪ್ಲಾಸ್ಟಿಕ್ಕಿಗೆ ಅಂಟಿತು. ಮಕ್ಕಳಿಗೆ ಮಾತ್ರ ಇದು ಅಂತ ತುಂಬಾ ಜನ ತಿಳಿದಿದ್ದಾರೆ. ದೊಡ್ಡವರಿಗೂ ಬೇಕು. ಒಂದು ನೆನಪಿರಲಿ, ಸ್ಪೇಸರ್ ಈ ಸ್ಪ್ರೇ ಪಂಪಿಗೆ ಮಾತ್ರ, ಪುಡಿಯ ಸಾಧನಕ್ಕಲ್ಲ.

ಎಳೆಯುವ ರೀತಿಯೂ ಬೇರೆ. ಪಂಪು ಕುಲುಕಬೇಕು. ಉಸಿರು ಪೂರ್ತಿ ಹೊರಗೆ ಬಿಡಬೇಕು. ಒಂದು ಸಲ ಒತ್ತಿ ನಿಧಾನಕ್ಕೆ, ಆಳವಾಗಿ ಎಳೆಯಬೇಕು. 10 ಎಣಿಸುವವರೆಗೆ ಹಿಡಿಯಬೇಕು. ಎರಡನೆಯದಕ್ಕೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಮೊದಲಿಂದ. ಎರಡೂ ಒಟ್ಟಿಗೆ ಒತ್ತಬಾರದು. ಕೊಳವೆಯನ್ನು ಪಾತ್ರೆ ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಇಡಬೇಕು. ಬಟ್ಟೆಯಿಂದ ಉಜ್ಜಿ ಒರೆಸಿದರೆ ಔಷಧ ಅದಕ್ಕೇ ಜಾಸ್ತಿ ಅಂಟುತ್ತದೆ.

ಪಂಪಿನ ಹುಟ್ಟಿನ ಕಥೆ ಒಂದಿದೆ, ಟೀಚರುಗಳಿಗೆ ಹೇಳಲೇಬೇಕು. 1955ರಲ್ಲಿ ಅಮೆರಿಕದಲ್ಲಿ ಸೂಸಿ ಅಂತ 13 ವರ್ಷದ ಹುಡುಗಿ. ಅಸ್ತಮಾ ಇತ್ತು. ಆಗ ಗಾಜಿನ ಬುರುಡೆಗೆ ರಬ್ಬರ್ ಚೆಂಡು ಸಿಕ್ಕಿಸಿ ಒತ್ತಿ ಒತ್ತಿ ಔಷಧ ಎಳೆಯಬೇಕಿತ್ತು. ಅವಳು ಅಪ್ಪನನ್ನು ಕೇಳಿದಳು, ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿ ಹಾಗೆ ನನ್ನ ಔಷಧವನ್ನೂ ಯಾಕೆ ತುಂಬಬಾರದು ಅಂತ. ಅಪ್ಪ ಔಷಧ ಕಂಪನಿಯೊಂದರ ಮುಖ್ಯಸ್ಥ. ಮರುವರ್ಷ, 1956ರಲ್ಲಿ, ಒತ್ತುವ ಪಂಪು ಮಾರುಕಟ್ಟೆಗೆ ಬಂತು. ಸ್ಟಿರಾಯ್ಡ್ ಪಂಪು ಬಂದದ್ದು ಇನ್ನೂ ತಡವಾಗಿ, 1972ರಲ್ಲಿ. ಅಲ್ಲಿಯವರೆಗೆ ಗಟ್ಟಿ ಅಸ್ತಮಾದವರಿಗೆ ಮಾತ್ರೆಯೇ ಗತಿ. ಮುಖ ಊದುತ್ತಿತ್ತು, ಮೂಳೆ ಸವೆಯುತ್ತಿತ್ತು, ಸಕ್ಕರೆ ಏರುತ್ತಿತ್ತು. ಒಂದು ಹುಡುಗಿಯ ಪ್ರಶ್ನೆ ಎಷ್ಟು ಎದೆಗಳಿಗೆ ಗಾಳಿ ಕೊಟ್ಟಿತು ನೋಡಿ.

ಸಾಧನ ಬದಲಿಸಿದ ಮೇಲೂ ದನಿ ಬರಲಿಲ್ಲ ಅಂದರೆ ಡೋಸಿನ ಬಗ್ಗೆ ಕೇಳಿ. ಅಸ್ತಮಾ ಮೂರು ತಿಂಗಳು ಹತೋಟಿಯಲ್ಲಿದ್ದರೆ ಡೋಸು ಒಂದು ಮೆಟ್ಟಿಲು ಇಳಿಸಬಹುದೇ ಅಂತ ಡಾಕ್ಟರು ನೋಡುತ್ತಾರೆ. ನನಗೆ ಹಾಗೆ ಇಳಿಸಿದರು. ಔಷಧವನ್ನೇ ಬದಲಿಸುವುದೂ ಉಂಟು. ಸಿಕ್ಲೆಸೊನೈಡ್ ಅಂತ ಒಂದಿದೆ. ಅದು ಬಾಯಿ, ಗಂಟಲಲ್ಲಿ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ, ಶ್ವಾಸಕೋಶ ಮುಟ್ಟಿದ ಮೇಲೆ ಏಳುತ್ತದೆ. ಇದನ್ನೆಲ್ಲ ನೀವೇ ಅಂಗಡಿಯಲ್ಲಿ ಕೇಳಿ ತರಬೇಡಿ. ಆದರೆ ಡಾಕ್ಟರ ಮುಂದೆ ಕೂತಾಗ ‘ನಾನು ಟೀಚರ್, ನನಗೆ ದನಿಯೇ ಅನ್ನ, ಬೇರೆ ದಾರಿ ಇದೆಯಾ’ ಅಂತ ಬಾಯಿಬಿಟ್ಟು ಹೇಳಿ. ನನ್ನ ಚೀಟಿಯಲ್ಲಿ ವಯಸ್ಸಿತ್ತು, ತೂಕ ಇತ್ತು. ನನ್ನ ಕೆಲಸ ಏನು ಅಂತ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಪಂಪು ಎಳೆಯುವವರ ದನಿ ಹೋದರೆ ಎಲ್ಲದಕ್ಕೂ ಪಂಪೇ ಕಾರಣ ಅಂತ ಕೂರಬಾರದು. ದನಿ ಒಡೆದು ಮೂರು-ನಾಲ್ಕು ವಾರ ಆದರೂ ಸರಿಹೋಗದಿದ್ದರೆ ಗಂಟಲಿನ ಡಾಕ್ಟರಿಗೆ ತೋರಿಸಬೇಕು. ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸ ಇರುವವರು, ನುಂಗುವಾಗ ನೋವು, ಉಗುಳಿನಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು ಇರುವವರು ಅಷ್ಟು ದಿನವೂ ಕಾಯಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ಬೆಂಗಳೂರಿಗೆ ಹೋಗಬೇಕಲ್ಲ ಅಂತ ಮುಂದೂಡಬೇಡಿ.

ಔಷಧದ ಮಾತು ಸಾಕು. ಗಂಟಲನ್ನು ನಾವು ನಡೆಸಿಕೊಳ್ಳುವ ರೀತಿ ಇದೆಯಲ್ಲ, ಅದರಲ್ಲಿ ನಾನು ತುಂಬಾ ಬದಲಾಗಬೇಕಾಯಿತು. ದನಿ ಹೋದಾಗ ನಾನು ಪಿಸುಗುಟ್ಟುತ್ತಿದ್ದೆ. ಗಂಟಲಿಗೆ ವಿಶ್ರಾಂತಿ ಅಂದುಕೊಂಡಿದ್ದೆ. ಒತ್ತಿ ಪಿಸುಗುಟ್ಟಿದರೆ ತಂತುಗಳಿಗೆ ಇನ್ನೂ ಶ್ರಮ. ಮೆತ್ತಗೆ, ಸಹಜ ದನಿಯಲ್ಲಿ ಸ್ವಲ್ಪವೇ ಮಾತಾಡಿ, ಇಲ್ಲವೇ ಸುಮ್ಮನಿರಿ. ಕ್ಯಾಕರಿಸುವ ಚಟ ಇತ್ತು. ಪ್ರತಿ ಸಲ ಕ್ಯಾಕರಿಸಿದಾಗ ಎರಡು ತಂತು ಒಂದಕ್ಕೊಂದು ಬಡಿಯುತ್ತವೆ. ಈಗ ಹಾಗೆ ಅನಿಸಿದಾಗ ಒಂದು ಗುಟುಕು ನೀರು ಕುಡಿಯುತ್ತೇನೆ. ತಂಪು ಗುಳಿಗೆ ಚೀಪುವುದನ್ನೂ ಬಿಟ್ಟೆ. ತಂಪು ಅನಿಸುತ್ತದೆ, ಆದರೆ ಗಂಟಲು ಒಣಗಿಸುತ್ತದೆ. ಬಿಸಿಲಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ನೀರಿನ ಬಾಟಲಿ ಸಿಬ್ಬಂದಿ ಕೋಣೆಯಲ್ಲಿದ್ದರೆ ಏನು ಬಂತು, ಮೇಜಿನ ಮೇಲಿರಬೇಕು.

ಬಿಡಲಿಕ್ಕೆ ತುಂಬಾ ಕಷ್ಟವಾದದ್ದು ರಾತ್ರಿಯ ಮಿರ್ಚಿ. ಒಗ್ಗರಣೆ-ಮಿರ್ಚಿ ಇಲ್ಲದ ಊರಲ್ಲ ನಮ್ಮದು. ರಾತ್ರಿ ಕರಿದದ್ದು, ಖಾರದ್ದು ತಿಂದು ಕೂಡಲೇ ಮಲಗಿದರೆ ಹೊಟ್ಟೆಯ ಹುಳಿ ಮೇಲೇರಿ ತಂತುಗಳನ್ನು ಸುಡುತ್ತದೆ. ಅಸ್ತಮಾದವರಲ್ಲಿ ಈ ತೊಂದರೆ ಜಾಸ್ತಿ. ಈಗ ಬೆಳಗ್ಗೆ ತಿನ್ನುತ್ತೇನೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ತಾಸು ಅಂತರ.

ಸ್ಪೀಚ್ ಥೆರಪಿಸ್ಟ್ ಒಬ್ಬರು ಸುಲಭದ ಸಾಧನೆ ಹೇಳಿಕೊಟ್ಟರು. ಅರ್ಧ ಗ್ಲಾಸು ನೀರು, ಒಂದು ಸ್ಟ್ರಾ. ಅದನ್ನು ನೀರಲ್ಲಿ ಅದ್ದಿ ‘ಊ’ ಅನ್ನುತ್ತಾ ಗುಳ್ಳೆ ಎಬ್ಬಿಸುವುದು. ಐದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಬಾಯಿ ಮುಚ್ಚಿ ‘ಮ್’ ಅಂತ ಗುಂಯ್‌ಗುಡುವುದೂ ಸೇರಿತ್ತು. ತಂತುಗಳು ಬಡಿದಾಡದೆ ಮೆತ್ತಗೆ ಕೂಡುವುದನ್ನು ಕಲಿಯುತ್ತವೆ.

ತರಗತಿಯಲ್ಲಿ ಏನು ಮಾಡಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಬುರ್ರಕಥೆ, ಹಾಡುತ್ತಾ ಕಥೆ ಹೇಳುವ ಜನಪದ ಕಲೆ. ಬುರ್ರಕಥೆ ಹಾಡುತ್ತಿದ್ದ ದರೋಜಿ ಈರಮ್ಮನವರು ನಮ್ಮ ಬಳ್ಳಾರಿ ಸೀಮೆಯವರು, 2014ರಲ್ಲಿ ತೀರಿಕೊಂಡರು. ಓದು ಬರಹ ಕಲಿಯದ ಹೆಣ್ಣುಮಗಳು ದೊಡ್ಡ ದೊಡ್ಡ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡು ಹಾಡಿದರು. ಬುರ್ರಕಥೆಯಲ್ಲಿ ಮುಖ್ಯ ಹಾಡುಗಾರ್ತಿ ಒಬ್ಬಳೇ ಹಾಡುತ್ತಾ ಹೋಗುವುದಿಲ್ಲ. ಪಕ್ಕದಲ್ಲಿ ವಾದ್ಯ ಹಿಡಿದ ಇಬ್ಬರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಅವರು ಎತ್ತಿಕೊಂಡಷ್ಟು ಹೊತ್ತು ಇವಳ ಗಂಟಲಿಗೆ ಬಿಡುವು. ಅದನ್ನೇ ತರಗತಿಗೆ ತಂದೆ. ಒಂದು ಸಾಲು ನಾನು, ಅದೇ ಸಾಲು ಮಕ್ಕಳು. ಒಂದು ಗುಂಪು ಓದಿದರೆ ಇನ್ನೊಂದು ಗುಂಪು ಅರ್ಥ ಹೇಳಬೇಕು. ಗದ್ದಲ ನಿಲ್ಲಿಸಲು ಕೂಗುವುದಿಲ್ಲ, ಎರಡು ಸಲ ಚಪ್ಪಾಳೆ. ಬೋರ್ಡು ಒರೆಸುವುದು ಒದ್ದೆ ಬಟ್ಟೆಯಲ್ಲಿ. ಸೊಂಟಕ್ಕೆ ಕಟ್ಟುವ ಸಣ್ಣ ಮೈಕನ್ನೂ ತಂದೆ. ಮೊದಮೊದಲು ನಾಚಿಕೆ ಆಗುತ್ತಿತ್ತು. ಹಿಂದಿನ ಬೆಂಚಿನ ಹುಡುಗ ‘ಈಗ ಚಲೋ ಕೇಳ್ತೈತ್ರಿ ಟೀಚರ್’ ಅಂದ ಮೇಲೆ ನಾಚಿಕೆ ಹೋಯಿತು.

ನನ್ನ ದನಿ ವಾಪಸ್ ಬರಲು ಐದು ತಿಂಗಳು ಬೇಕಾಯಿತು. ಮೊದಲಿನ ಹಾಗೇ ಬಂದಿದೆ ಅನ್ನಲಾರೆ. ಏರು ಸ್ವರದಲ್ಲಿ ಇನ್ನೂ ಒಡೆಯುತ್ತದೆ. ಆದರೆ ನೋಡಿ, ಇಷ್ಟು ಹೊತ್ತು ಮಾತಾಡಿದ್ದೇನೆ. ಇವತ್ತು ಬೆಳಗ್ಗೆ ಪಂಪನ್ನೂ ಎಳೆದೇ ಬಂದಿದ್ದೇನೆ.

ಬರುವಾಗ ನಿಮ್ಮ ನಿಮ್ಮ ಪಂಪು ತನ್ನಿ ಅಂತ ಹೇಳಿಸಿದ್ದೆ. ತಂದವರು ಆ ಕಿಟಕಿ ಹತ್ತಿರದ ಮೇಜಿಗೆ ಬನ್ನಿ. ಅಲ್ಲಿ ಸಿಸ್ಟರ್ ಒಬ್ಬರು ಕೂತಿದ್ದಾರೆ. ನೀವು ದಿನಾಲೂ ಹೇಗೆ ಎಳೆಯುತ್ತೀರೋ ಹಾಗೇ ಅವರಿಗೆ ತೋರಿಸಿ. ಎಲ್ಲಿ ತಪ್ಪುತ್ತಿದೆ ಅಂತ ಅವರು ಹೇಳುತ್ತಾರೆ. ಒಬ್ಬೊಬ್ಬರಿಗೆ ಐದು ನಿಮಿಷ ಸಾಕು. ನನ್ನ ಸ್ಪೇಸರ್ ಇಲ್ಲೇ ಇಡುತ್ತೇನೆ, ಕೈಯಲ್ಲಿ ಹಿಡಿದು ನೋಡಿ. ಬಾಯಿಗೆ ಮಾತ್ರ ಬೇಡ.